ಪಾಚಿ ಯಾವುದೆಂದು ನೋಡದೆ ಬಾಟಲಿ ತೆರೆಯಬೇಡಿ

ಮಾನ್ಯ ಸಂಪಾದಕರೇ,

ಮನೆಯಲ್ಲಿ ಹವಳ ಸಾಕುವವರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚಿತ್ರಗಳು ತುಂಬಾ ಚೆನ್ನಾಗಿದ್ದವು. ಉಪ್ಪುನೀರಿನ ರೀಫ್ ಟ್ಯಾಂಕ್ ಬಗ್ಗೆ ಇಷ್ಟು ವಿವರವಾಗಿ ಬರೆದಿದ್ದಕ್ಕೆ ಲೇಖಕರಿಗೆ ಧನ್ಯವಾದ ಹೇಳಲೇಬೇಕು. ಆದರೆ ಕೊನೆಯಲ್ಲಿ ಪಾಚಿ ಬಗ್ಗೆ ಕೊಟ್ಟ ಸಲಹೆ ಓದಿ ಸುಮ್ನೆ ಇರಲು ಆಗಲಿಲ್ಲ. ಪಾಚಿ ಬಂತು ಎಂದರೆ ನೀರು ಕೊಳಕಾಗಿದೆ, ಮೀನಿನ ಊಟ, ಗಲೀಜಿನಿಂದ ನೀರಿಗೆ ಸೇರಿ ಪಾಚಿಗೆ ಪೋಷಕಾಂಶವಾಗುವ ನೈಟ್ರೇಟ್ ಮತ್ತು ಫಾಸ್ಫೇಟನ್ನು ಸೊನ್ನೆಗೆ ಇಳಿಸಿ, ಅಷ್ಟಕ್ಕೂ ಹೋಗದಿದ್ದರೆ ಪಾಚಿನಾಶಕ ತಂದು ಹಾಕಿ ಎಂಬುದು ಅದರ ಸಾರ. ಇದನ್ನು ಹಾಗೇ ಪಾಲಿಸಿದರೆ ಹೊಸಬರ ಟ್ಯಾಂಕ್ ಸುಧಾರಿಸುವ ಬದಲು ಇನ್ನೂ ಕೆಡುವ ಸಾಧ್ಯತೆಯೇ ಜಾಸ್ತಿ.

ನಾನು ಹೇಳಬೇಕಾಗಿರುವುದು ಇಷ್ಟೇ. ಬಂದಿರುವುದು ಯಾವ ಪಾಚಿ ಅಂತ ಮೊದಲು ನೋಡಿ, ಆಮೇಲೆ ಕೈ ಹಾಕಿ. ಮರಳಿನ ಮೇಲೆ ಕಂದು ಲೋಳೆ ಕಾಣಿಸಿತು ಅಂದುಕೊಳ್ಳಿ. ಅದು ಮೂರು ಬೇರೆ ಬೇರೆ ಜೀವಿಗಳಲ್ಲಿ ಯಾವುದು ಬೇಕಾದರೂ ಆಗಿರಬಹುದು. ಒಂದಕ್ಕೆ ಮದ್ದು ಆಗುವುದು ಇನ್ನೊಂದಕ್ಕೆ ಗೊಬ್ಬರ ಆಗುತ್ತದೆ. ಬಣ್ಣ ನೋಡಿ ಮದ್ದು ಹಾಕಿದರೆ ಹೇಗೆ?

ಪಾಚಿ ಇದ್ದರೇ ತಪ್ಪು ಎಂಬ ಭಾವನೆಯನ್ನೂ ಬಿಡಬೇಕು. ಹವಳ ಬದುಕುವುದೇ ಪಾಚಿಯಿಂದ. ಅದರ ಮೈಯೊಳಗೆ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ಮನೆ ಮಾಡಿಕೊಂಡು, ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ 90ರವರೆಗೂ ಹೀಗೆ ಬರಬಹುದು. ಕಲ್ಲಿನ ಮೇಲೆ ನೇರಳೆ ಬಣ್ಣದಲ್ಲಿ ಗಟ್ಟಿಯಾಗಿ ಹಬ್ಬುವ ಕೋರಲೈನ್ ಕೂಡ ಪಾಚಿಯೇ, ಅದು ಬಂದರೆ ಎಲ್ಲರೂ ಖುಷಿಪಡುತ್ತಾರೆ. ಕಡಲಿನ ಆರೋಗ್ಯವಾದ ಹವಳದ ದಿಬ್ಬದಲ್ಲೂ ಪಾಚಿ ದಿನವಿಡೀ ಬೆಳೆಯುತ್ತಲೇ ಇರುತ್ತದೆ. ನಮಗೆ ಕಾಣದೆ ಇರುವುದಕ್ಕೆ ಕಾರಣ, ಬೆಳೆದಷ್ಟನ್ನೂ ಮೀನು, ಬಸವನಹುಳು, ಮೈಯೆಲ್ಲ ಮುಳ್ಳಿರುವ ಸೀ ಅರ್ಚಿನ್‌ಗಳು ತಿಂದು ಮುಗಿಸುತ್ತಿರುತ್ತವೆ. ಟ್ಯಾಂಕಿನಲ್ಲಿ ಕೆಡುವುದು ಈ ಲೆಕ್ಕವೇ, ಬೆಳೆಯುವುದು ಜಾಸ್ತಿ, ಹೋಗುವುದು ಕಡಿಮೆ.

ಈಗ ಆ ಕಂದು ಲೋಳೆಯ ವಿಷಯಕ್ಕೆ ಬರುತ್ತೇನೆ, ಜನ ಜಾಸ್ತಿ ಎಡವುವುದು ಇಲ್ಲೇ. ಮೊದಲನೆಯದು ಡಯಾಟಂ, ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕಿನಲ್ಲಿ ಮೊದಲ ಕೆಲವು ವಾರ ಗಾಜು, ಮರಳು, ಕಲ್ಲು ಎಲ್ಲದರ ಮೇಲೂ ಕಂದು ಪುಡಿ ಉದುರಿಸಿದಂತೆ ಕೂರುತ್ತದೆ. ಡಯಾಟಂಗೆ ಚಿಪ್ಪು ಕಟ್ಟಿಕೊಳ್ಳಲು ಸಿಲಿಕಾ ಬೇಕು, ಅದು ನಲ್ಲಿ ನೀರಿನಿಂದಲೋ ಹೊಸ ಮರಳಿನಿಂದಲೋ ಬರುತ್ತದೆ. ಬೆರಳಿನಿಂದ ಒರೆಸಿದರೆ ಸಲೀಸಾಗಿ ಹೋಗುತ್ತದೆ. ಸಿಲಿಕಾ ಮುಗಿದ ಮೇಲೆ ತಾನಾಗಿಯೇ ಕಡಿಮೆಯಾಗುತ್ತದೆ. ಇದಕ್ಕೆ ಯಾವ ಔಷಧಿಯೂ ಬೇಡ, ಒಳ್ಳೆ ನೀರು ಮತ್ತು ತಾಳ್ಮೆ ಸಾಕು.

ಎರಡನೆಯದು ಸಯನೋಬ್ಯಾಕ್ಟೀರಿಯಾ. ಹೆಚ್ಚಾಗಿ ಕಡುಗೆಂಪು, ಕೆಲವೊಮ್ಮೆ ಕಂದು ಇಲ್ಲವೇ ಕಪ್ಪು ಹಸಿರು. ಇದು ಪಾಚಿಯೇ ಅಲ್ಲ, ಬೆಳಕಿನಿಂದ ಬದುಕುವ ಬ್ಯಾಕ್ಟೀರಿಯಾ. ಮರಳಿನ ಮೇಲೆ ಪದರ ಕಟ್ಟುತ್ತದೆ, ಒಂದು ಅಂಚು ಹಿಡಿದು ಎಳೆದರೆ ಇಡೀ ಹಾಳೆ ಎದ್ದು ಬರುತ್ತದೆ. ನೀರು ಸರಿಯಾಗಿ ಓಡಾಡದ ಮೂಲೆ, ಮೀನಿನ ಗಲೀಜು ಸೇರಿಕೊಳ್ಳುವ ಜಾಗ ಇದಕ್ಕೆ ಇಷ್ಟ. ಕೆಲವು ಜಾತಿಗಳು ಗಾಳಿಯಿಂದ ನೀರಿಗೆ ಕರಗಿ ಬಂದ ಸಾರಜನಕವನ್ನೇ ಹಿಡಿದು ಬಳಸಿಕೊಳ್ಳಬಲ್ಲವು. ಹಾಗಾಗಿ ನೈಟ್ರೇಟ್ ಸೊನ್ನೆಯಾಗಿ ಫಾಸ್ಫೇಟ್ ಉಳಿದಿರುವ ಟ್ಯಾಂಕಿನಲ್ಲಿ ಬೇರೆ ಎಲ್ಲವೂ ಸೊರಗಿದಾಗ ಇವು ಮಾತ್ರ ಹಾಯಾಗಿ ಹಬ್ಬುತ್ತವೆ. ಸೊನ್ನೆ ಮಾಡಿ ಎಂಬ ಸಲಹೆ ಇಲ್ಲೇ ಒಂದು ಸಲ ಸೋತಿತು.

ಮೂರನೆಯದು ಡೈನೋಫ್ಲಾಜೆಲೇಟ್, ನಾವೆಲ್ಲ ಡೈನೋ ಅಂತಲೇ ಕರೆಯುವುದು. ಹವಳದೊಳಗಿನ ಝೂಕ್ಸಾಂಥೆಲ್ಲೆ ಕೂಡ ಇದೇ ಬಳಗದ್ದು, ಆದರೆ ಇವು ಬಿಡಿಯಾಗಿ ಬದುಕುವ ಜಾತಿಗಳು. ಕಂದು ಲೋಳೆ, ಎಳೆ ಎಳೆಯಾಗಿ ಮೇಲಕ್ಕೆ ಎದ್ದಿರುತ್ತದೆ, ಎಳೆಯ ತುದಿಗೆ ಗಾಳಿಯ ಗುಳ್ಳೆ ಅಂಟಿಕೊಂಡಿರುತ್ತದೆ. ಬೆಳಿಗ್ಗೆ ದೀಪ ಹತ್ತುವ ಮೊದಲು ನೋಡಿದರೆ ಮರಳು ಸ್ವಚ್ಛ, ಸಂಜೆ ಹೊತ್ತಿಗೆ ಮತ್ತೆ ಅದೇ ಹೊದಿಕೆ. ಬಸವನಹುಳುಗಳು ಸುಸ್ತಾಗಿ ಒಂದೊಂದೇ ಕೆಳಗೆ ಬೀಳುತ್ತಿದ್ದರೆ ಡೈನೋ ಎಂಬ ಅನುಮಾನ ಗಟ್ಟಿಯಾಗಬೇಕು, ಕೆಲವು ಜಾತಿಗಳಲ್ಲಿ ವಿಷ ಇರುತ್ತದೆ.

ಪತ್ತೆ ಹಚ್ಚಲು ಮನೆಯಲ್ಲೇ ಮಾಡಬಹುದಾದ ಒಂದು ಸುಲಭ ಪರೀಕ್ಷೆ ಇದೆ, ಲೇಖನದಲ್ಲಿ ಇದೊಂದು ಬಂದಿದ್ದರೂ ಸಾಕಿತ್ತು. ಸ್ವಲ್ಪ ಲೋಳೆಯನ್ನು ಟ್ಯಾಂಕಿನ ನೀರಿನ ಜೊತೆಗೇ ಒಂದು ಸಣ್ಣ ಬಾಟಲಿಗೆ ಎಳೆದುಕೊಳ್ಳಿ. ಮುಚ್ಚಳ ಹಾಕಿ ಜೋರಾಗಿ ಕುಲುಕಿ, ಲೋಳೆ ಪೂರ್ತಿ ಒಡೆದು ಹೋಗಬೇಕು. ಅದನ್ನು ಕಾಫಿ ಸೋಸುವ ಕಾಗದದಲ್ಲೋ ದಪ್ಪ ಟಿಶ್ಯೂನಲ್ಲೋ ಸೋಸಿ. ಕೆಳಗೆ ಇಳಿದ ನೀರು ಸ್ವಲ್ಪ ಕಂದಾಗಿ, ಹೆಚ್ಚು ಕಡಿಮೆ ತಿಳಿಯಾಗಿಯೇ ಇರುತ್ತದೆ. ಅದನ್ನು ಬೆಳಕಿನ ಕೆಳಗೆ ಇಟ್ಟು ಒಂದು ಗಂಟೆ ಹಾಗೇ ಬಿಡಿ. ತಿಳಿ ನೀರಿನಲ್ಲಿ ಮತ್ತೆ ಎಳೆಗಳು ಕೂಡಿಕೊಂಡು ಗಂಟು ಕಟ್ಟಿದರೆ ಅದು ಡೈನೋ ಆಗಿರುವ ಸಾಧ್ಯತೆ ತುಂಬಾ ಹೆಚ್ಚು. ಒಂದೊಂದೇ ಜೀವಕೋಶವಾಗಿ ಕಾಗದದ ಸಂದಿಯಲ್ಲಿ ನುಸುಳಿ ಬಂದು, ಈಜಿ ಮತ್ತೆ ಒಟ್ಟುಗೂಡಿವೆ ಎಂದರ್ಥ. ಡಯಾಟಂ ಮತ್ತು ಸಯನೋ ಹೀಗೆ ಮತ್ತೆ ಕೂಡಿಕೊಳ್ಳುವುದಿಲ್ಲ.

ಮಕ್ಕಳ ಕಲಿಕೆಗೆ ಸಿಗುವ ಸಾಧಾರಣ ಮೈಕ್ರೋಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು, 400 ಪಟ್ಟು ದೊಡ್ಡದಾಗಿ ತೋರಿಸಿದರೆ ಬೇಕಾದಷ್ಟಾಯಿತು. ಒಂದು ಹನಿ ಲೋಳೆ ಹಾಕಿ ನೋಡಿ. ಡಯಾಟಂ ಆದರೆ ಗಾಜಿನ ಚಿಪ್ಪಿನ ಹಾಗೆ ಗೆರೆ ಗೆರೆಯಾಗಿ, ಹೆಚ್ಚಿನವು ಅಲುಗಾಡದೆ ಇಲ್ಲವೇ ನಿಧಾನಕ್ಕೆ ಜಾರುತ್ತಾ ಇರುತ್ತವೆ. ಸಯನೋ ಆದರೆ ಉದ್ದುದ್ದ ನೂಲು. ಆಸ್ಟ್ರಿಯಾಪ್ಸಿಸ್ ಎಂಬ ಡೈನೋ ಆದರೆ ಕಣ್ಣೀರ ಹನಿಯ ಆಕಾರ, ಚೂಪಾದ ತುದಿಯನ್ನು ಒಂದು ಕಡೆ ಕಟ್ಟಿಹಾಕಿದಂತೆ ಅಲ್ಲೇ ಗಿರಗಿರನೆ ಸುತ್ತುತ್ತಿರುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಆಂಫಿಡಿನಿಯಂ ಎಂಬುದು ಇನ್ನೊಂದು, ಅದು ಮರಳಿನಲ್ಲೇ ವಾಸ.

ಈ ಎರಡಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಆಸ್ಟ್ರಿಯಾಪ್ಸಿಸ್ ರಾತ್ರಿ ಹೊತ್ತು ಕಲ್ಲು, ಮರಳು ಬಿಟ್ಟು ನೀರಿಗೆ ಏಳುತ್ತದೆ. ಆಗ ಆ ನೀರನ್ನು ಯುವಿ (ನೇರಳಾತೀತ) ದೀಪದ ಮೂಲಕ ಹಾಯಿಸಿದರೆ ದೊಡ್ಡ ಪ್ರಮಾಣದಲ್ಲಿ ಸಾಯುತ್ತದೆ. ಆಂಫಿಡಿನಿಯಂ ಹಾಗೆ ಏಳುವುದಿಲ್ಲ, ಅದಕ್ಕೆ ಯುವಿ ಹಾಕಿ ಉಪಯೋಗ ಅಷ್ಟಕ್ಕಷ್ಟೇ. ಅಲ್ಲಿ ಅನುಭವಿಗಳು ಮಾಡುವುದು ಕೇಳಿದರೆ ಹೊಸಬರಿಗೆ ವಿಚಿತ್ರ ಅನ್ನಿಸಬಹುದು, ಬೇಕೆಂದೇ ಸ್ವಲ್ಪ ಸಿಲಿಕಾ ಹಾಕಿ ಡಯಾಟಂ ಬೆಳೆಸುತ್ತಾರೆ. ಡಯಾಟಂ ಜಾಗ ಹಿಡಿದರೆ ಡೈನೋಗೆ ಜಾಗ ಇಲ್ಲ. ಮೊದಲನೆಯದರಲ್ಲಿ ಸಿಲಿಕಾ ಮುಗಿದರೆ ಸರಿಹೋಗುತ್ತದೆ ಅಂದೆ, ಇಲ್ಲಿ ಬೇಕು ಅನ್ನುತ್ತಿದ್ದೇನೆ. ಅದಕ್ಕೇ ಮೊದಲು ಗುರುತು ಹಿಡಿಯಿರಿ ಎನ್ನುವುದು.

ಡೈನೋ ಬರುವುದಾದರೂ ಯಾಕೆ? ಬಹಳ ಸಲ ಕಾರಣ ಆ ಸೊನ್ನೆಯೇ. ಒಣ ಕಲ್ಲು, ಬಾಟಲಿ ಬ್ಯಾಕ್ಟೀರಿಯಾ ಹಾಕಿ ಶುರು ಮಾಡಿದ ಟ್ಯಾಂಕಿನಲ್ಲಿ ಜೀವವೈವಿಧ್ಯ ಕಡಿಮೆ ಇರುತ್ತದೆ. ಅದರ ಮೇಲೆ ನೊರೆಯ ಜೊತೆ ಗಲೀಜು ಎತ್ತಿ ತೆಗೆಯುವ ದೊಡ್ಡ ಸ್ಕಿಮ್ಮರ್, ಫಾಸ್ಫೇಟ್ ಹೀರುವ ಕಬ್ಬಿಣದ ಹರಳು, ಮೀನಿಗೆ ಬೆರಳೆಣಿಕೆಯ ಊಟ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ತೋರಿಸುತ್ತವೆ, ಯಜಮಾನರಿಗೆ ಖುಷಿಯೋ ಖುಷಿ. ಆದರೆ ಜಾಗ ಹಿಡಿದುಕೊಂಡು ಡೈನೋವನ್ನು ತಡೆಯಬೇಕಾದ ಸಾಮಾನ್ಯ ಪಾಚಿ, ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಹಸಿವಿನಿಂದ ಸೊರಗಿವೆ, ಹವಳವೂ ಬಣ್ಣ ಕಳೆದುಕೊಂಡು ಪೇಲವವಾಗಿದೆ. ಡೈನೋ ಬಂದ ಮೇಲೆ ನೀರು ಕೊಳಕು ಎಂದು ತಿಳಿದು ಪದೇ ಪದೇ ನೀರು ಬದಲಾಯಿಸಿದರೆ ಇನ್ನೂ ಹೆಚ್ಚುತ್ತದೆ. ಇಲ್ಲಿ ಮಾಡಬೇಕಾದದ್ದು ತದ್ವಿರುದ್ಧ. ಮೀನಿಗೆ ಊಟ ಜಾಸ್ತಿ ಮಾಡಿ, ಬೇಕಾದರೆ ನೈಟ್ರೇಟ್ ಫಾಸ್ಫೇಟನ್ನೇ ಅಳೆದು ಹಾಕಿ, ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು), ಫಾಸ್ಫೇಟ್ 0.05ರಿಂದ 0.1 ಪಿಪಿಎಂ ನಡುವೆ ನಿಲ್ಲುವಂತೆ ನೋಡಿಕೊಳ್ಳಬೇಕು.

ಕಡಲಿನಲ್ಲಿ ಹವಳದ ದಿಬ್ಬದ ಸುತ್ತ ಇವೆರಡೂ ಸೊನ್ನೆಗೆ ಹತ್ತಿರವೇ ಇರುತ್ತವಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ. ಆದರೆ ಅಲ್ಲಿ ಅಲೆಯ ಜೊತೆ ತೇಲುವ ಸಣ್ಣ ಜೀವಿಗಳ ರಾಶಿ, ಅಂದರೆ ಪ್ಲಾಂಕ್ಟನ್, ಹಗಲೂ ರಾತ್ರಿ ಹರಿದು ಬರುತ್ತಲೇ ಇರುತ್ತದೆ, ಹವಳಕ್ಕೆ ಊಟದ ಕೊರತೆ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಆ ಹರಿವು ಎಲ್ಲಿದೆ? ರೆಡ್‌ಫೀಲ್ಡ್ ಅನುಪಾತದ ಬಗ್ಗೆಯೂ ಒಂದು ಮಾತು, ಯಾಕೆಂದರೆ ಲೇಖನದಲ್ಲಿ ಅದನ್ನು ನಿಯಮದ ಹಾಗೆ ಹೇಳಿದ್ದಾರೆ. ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಗಮನಿಸಿದ್ದು ಕಡಲ ಪ್ಲಾಂಕ್ಟನ್‌ನಲ್ಲಿ ಮತ್ತು ಆಳದ ನೀರಿನಲ್ಲಿ ಸಾರಜನಕ, ರಂಜಕಗಳ ನಡುವಿನ ಸರಾಸರಿ ಸಂಬಂಧವನ್ನು. ಇಂದು 16ಕ್ಕೆ 1 ಎಂದು ಹೇಳುವುದು ಅದನ್ನೇ. ಅದು ಪರಮಾಣುಗಳ ಲೆಕ್ಕ, ನಮ್ಮ ಟೆಸ್ಟ್ ಕಿಟ್ಟಿನ ಪಿಪಿಎಂ ಲೆಕ್ಕಕ್ಕೆ ತಂದರೆ ನೈಟ್ರೇಟ್ ಸುಮಾರು 10 ಪಾಲಿಗೆ ಫಾಸ್ಫೇಟ್ 1 ಪಾಲು ಆಗುತ್ತದೆ. ಟ್ಯಾಂಕ್ ನಡೆಸಲು ಅದೇ ಅನುಪಾತ ಬೇಕು ಎಂದು ಆತ ಹೇಳಿದ್ದಲ್ಲ. ಎರಡರಲ್ಲಿ ಯಾವುದೂ ಪೂರ್ತಿ ಮುಗಿಯದಂತೆ ನೋಡಿಕೊಂಡರೆ ಸಾಕು, ಭಾಗಾಕಾರ ಮಾಡುತ್ತಾ ಕೂರಬೇಕಿಲ್ಲ.

ಕೈಗವಸಿನ ಬಗ್ಗೆ ಲೇಖನದಲ್ಲಿ ಒಂದು ಅಕ್ಷರವೂ ಇಲ್ಲ, ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರವಾಗಿದ್ದು ಇದಕ್ಕೆ. ಆಸ್ಟ್ರಿಯಾಪ್ಸಿಸ್ ಪಾಲಿಟಾಕ್ಸಿನ್ ಜಾತಿಯ ವಿಷ ತಯಾರಿಸುತ್ತದೆ. 2005ರ ಬೇಸಿಗೆಯಲ್ಲಿ ಇಟಲಿಯ ಜಿನೋವಾ ಕಡಲತೀರದಲ್ಲಿ ಇದು ಉಕ್ಕಿ ಬಂದಾಗ, ಅಲೆಯ ತುಂತುರು ಗಾಳಿಯಲ್ಲಿ ಬೆರೆತು, ಸುಮಾರು 200 ಜನ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಅಂತ ಚಿಕಿತ್ಸೆ ಪಡೆಯಬೇಕಾಯಿತು. ಅವರಲ್ಲಿ ನೀರಿಗೇ ಇಳಿಯದವರೂ ಇದ್ದರು. ಪಾಲಿಥೋವಾ ಜಾತಿಯ ಹವಳದಲ್ಲೂ ಪಾಲಿಟಾಕ್ಸಿನ್ ಇರಬಹುದು. ಹಾಗಾಗಿ ಪಾಚಿ ಹತ್ತಿದ ಕಲ್ಲನ್ನು ಹೊರಗೆ ತೆಗೆದು ಕುದಿಯುವ ನೀರಿಗೆ ಹಾಕುವುದು ಬೇಡವೇ ಬೇಡ. ಆ ಆವಿ ಕುಡಿದು ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ. ಕಲ್ಲು ಉಜ್ಜುವಾಗ ಕೈಗವಸು, ಕನ್ನಡಕ ಹಾಕಿ, ನೀರಿನೊಳಗೇ ಉಜ್ಜಿ, ಕೈಯಲ್ಲಿ ಗಾಯ ಇದ್ದರೆ ಆ ದಿನ ಮುಟ್ಟಬೇಡಿ.

ಹಸಿರು ಪಾಚಿಯ ಕಥೆ ಬೇರೆ. ಕೂದಲಿನಂತೆ ಉದ್ದ ಬೆಳೆಯುವ ಹೇರ್ ಆಲ್ಗೆ ನಿಜವಾಗಿಯೂ ಪೋಷಕಾಂಶ ಜಾಸ್ತಿಯಾಗಿ ಬರುವಂಥದ್ದು, ಇಲ್ಲಿ ಲೇಖಕರ ಮಾತು ಒಪ್ಪುತ್ತೇನೆ. ಆದರೆ ಒಂದು ಗೊಂದಲ ಇದೆ. ಟ್ಯಾಂಕ್ ತುಂಬಾ ಹಸಿರು ಕೂದಲು ಜೋತಾಡುತ್ತಿದೆ, ಟೆಸ್ಟ್ ಮಾಡಿದರೆ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಕಿಟ್ ಕೆಟ್ಟಿದೆ ಅಂದುಕೊಂಡು ಜನ ಹೊಸ ಕಿಟ್ ತರುತ್ತಾರೆ. ಕಿಟ್ ಸರಿಯಾಗಿಯೇ ಇದೆ. ನೀರಿಗೆ ಬಿದ್ದದ್ದನ್ನೆಲ್ಲ ಪಾಚಿ ಆಗಲೇ ತಿಂದುಬಿಟ್ಟಿದೆ, ಮಿಕ್ಕಿದ್ದನ್ನು ಮಾತ್ರ ಕಿಟ್ ತೋರಿಸುತ್ತದೆ. ಇನ್ನು ಕೆಲವು ಡಿಜಿಟಲ್ ಮೀಟರ್‌ಗಳು ಫಾಸ್ಫೇಟ್ ಬದಲು ರಂಜಕವನ್ನು ಪಿಪಿಬಿ (ಪಿಪಿಎಂನ ಸಾವಿರದಲ್ಲಿ ಒಂದು ಪಾಲು) ಲೆಕ್ಕದಲ್ಲಿ ತೋರಿಸುತ್ತವೆ, ಅದನ್ನು 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸಬೇಕು. ಮೀಟರಿನಲ್ಲಿ 20 ಬಂದರೆ ಫಾಸ್ಫೇಟ್ ಸುಮಾರು 0.06 ಪಿಪಿಎಂ. ಇದು ಗೊತ್ತಿಲ್ಲದೆ ಅಂಕಿ ನೋಡಿ ಗಾಬರಿಯಾಗುವವರು ತುಂಬಾ ಜನ.

ನೀರು ಬದಲಾಯಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದಕ್ಕೂ ಲೆಕ್ಕ ಹಾಕಿ ನೋಡೋಣ. ನೈಟ್ರೇಟ್ 40 ಪಿಪಿಎಂ ಇದೆ. ಶೇ 10ರಷ್ಟು ನೀರು ಬದಲಾಯಿಸಿದರೆ 36ಕ್ಕೆ ಬರುತ್ತದೆ. ಹೀಗೆ ನಾಲ್ಕು ವಾರ ಮಾಡಿದರೂ, ನಡುವೆ ಮೀನಿಗೆ ಏನೂ ಹಾಕಲಿಲ್ಲ ಅಂದುಕೊಂಡರೂ, ಸುಮಾರು 26ಕ್ಕೆ ನಿಲ್ಲುತ್ತದೆ. ಊಟ ಹಾಕದೆ ಇರಲು ಆಗುವುದಿಲ್ಲವಲ್ಲ, ಇಳಿದದ್ದರಲ್ಲಿ ಒಂದಷ್ಟು ಮತ್ತೆ ಏರುತ್ತದೆ. ಫಾಸ್ಫೇಟ್ ಇನ್ನೂ ಹಟಮಾರಿ. ನಮ್ಮ ಕಲ್ಲು ಮರಳು ಎಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್, ಅದು ಸ್ಪಂಜಿನ ಹಾಗೆ ಫಾಸ್ಫೇಟ್ ಹೀರಿಟ್ಟುಕೊಂಡಿರುತ್ತದೆ. ನೀರಿನಲ್ಲಿ ಕಡಿಮೆ ಮಾಡಿದ ಕೂಡಲೇ ಕಲ್ಲಿನಿಂದ ಹೊರಗೆ ಬಿಡುತ್ತದೆ. ಇಂದು ಇಳಿಸಿದ್ದು ಎರಡು ದಿನಕ್ಕೆ ಮತ್ತೆ ಅಲ್ಲೇ ಬಂದು ನಿಂತರೆ ಆಶ್ಚರ್ಯಪಡಬೇಡಿ. ಕಬ್ಬಿಣದ ಹರಳು ಸ್ವಲ್ಪ ಸ್ವಲ್ಪವೇ ಹಾಕಿ, ವಾರಗಟ್ಟಲೆ ನಿಧಾನವಾಗಿ ಇಳಿಸಬೇಕು. ಒಂದೇ ಸಲ ಕೆಳಗೆ ತಂದರೆ ಹವಳದ ಮಾಂಸ ಕಿತ್ತು ಹೋಗಿ ಬಿಳಿ ಅಸ್ಥಿ ಉಳಿಯುತ್ತದೆ, ಪಾಚಿ ಮಾತ್ರ ಅಲ್ಲೇ ಇರುತ್ತದೆ.

ಹಾಗಾದರೆ ಹಸಿರು ಪಾಚಿಗೆ ಏನು ಮಾಡಬೇಕು? ಕೈಯಿಂದ ಕೀಳಬೇಕು. ಇಷ್ಟು ಸರಳವಾದ ಮಾತಿಗೆ ಯಾರೂ ಬೆಲೆ ಕೊಡುವುದಿಲ್ಲ. ಪಾಚಿ ತಿಂದ ನೈಟ್ರೇಟ್, ಫಾಸ್ಫೇಟ್ ಎಲ್ಲ ಅದರ ಮೈಯಲ್ಲೇ ಇದೆ, ಒಂದು ಹಿಡಿ ಕಿತ್ತು ಹೊರಗೆ ಹಾಕಿದರೆ ಅಷ್ಟೂ ಹೊರಗೆ ಹೋಯಿತು. ಔಷಧಿ ಹಾಕಿ ಒಳಗೇ ಸಾಯಿಸಿದರೆ ಅದು ಕೊಳೆತು ಎಲ್ಲವನ್ನೂ ನೀರಿಗೇ ವಾಪಸ್ ಕೊಡುತ್ತದೆ, ಆ ಕೊಳೆತದ ಮೇಲೆ ಮುಂದಿನ ಪಾಚಿ ಬರುತ್ತದೆ. ಸೈಫನ್ ಪೈಪಿನ ತುದಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಕಟ್ಟಿಕೊಳ್ಳಿ. ಉಜ್ಜುತ್ತಾ ಹೋದ ಹಾಗೆ ಬಿಡಿಸಿಕೊಂಡ ಎಳೆಗಳು ನೇರ ಪೈಪಿನೊಳಗೆ ಹೋಗಿ ಬಕೆಟ್ಟಿಗೆ ಬೀಳುತ್ತವೆ, ಟ್ಯಾಂಕ್ ತುಂಬಾ ಹರಡುವುದಿಲ್ಲ. ಕಲ್ಲಿನ ಸಂದಿಯ ಗಲೀಜನ್ನು ಪಿಚಕಾರಿಯಿಂದ ಊದಿ ಎಬ್ಬಿಸಿ, ಫಿಲ್ಟರಿನ ಸ್ಪಂಜು ಹಿಡಿದುಕೊಳ್ಳಲಿ, ಆ ಸ್ಪಂಜನ್ನು ಎರಡು ಮೂರು ದಿನಕ್ಕೊಮ್ಮೆ ತೊಳೆಯಿರಿ.

ಕೈ ಕೆಲಸ ಮುಗಿದ ಮೇಲೆ ತಿನ್ನುವವರ ಸರದಿ. ಈ ಕ್ರಮ ಮುಖ್ಯ. ಹವಾಯಿಯ ಕನೋಹೆ ಕೊಲ್ಲಿಯಲ್ಲಿ ಹೊರಗಿನಿಂದ ಬಂದ ಪಾಚಿ ಹವಳವನ್ನು ಮುಚ್ಚಿಹಾಕಿದಾಗ ಅಲ್ಲಿನವರು ಮಾಡಿದ್ದೂ ಇದನ್ನೇ. ಮೊದಲು ಮುಳುಗುಗಾರರು ದೊಡ್ಡ ಹೀರುವ ಪಂಪಿಗೆ ಪಾಚಿ ಕಿತ್ತು ಕಿತ್ತು ಹಾಕಿದರು, ಆಮೇಲೆ ಸಾಕಿ ಬೆಳೆಸಿದ ಸಣ್ಣ ಸೀ ಅರ್ಚಿನ್‌ಗಳನ್ನು ಅಲ್ಲಿ ಬಿಟ್ಟರು, ಉಳಿದ ಚೂರುಪಾರು ಮೇಯುವುದು ಅವುಗಳ ಕೆಲಸ. ಅದೇ ಕೊಲ್ಲಿಗೆ ಹಿಂದೆ ಚರಂಡಿ ನೀರು ಬಿಡುತ್ತಿದ್ದರು. 1977-78ರಲ್ಲಿ ಅದನ್ನು ಬೇರೆ ಕಡೆ ತಿರುಗಿಸಿದ ಮೇಲೆ, ಹವಳದ ಮೇಲೆ ಹಬ್ಬಿದ್ದ ಹಸಿರು ಗುಳ್ಳೆ ಪಾಚಿ ಕಡಿಮೆಯಾಯಿತು. ಬರುವುದನ್ನು ತಡೆಯುವುದು, ಇರುವುದನ್ನು ಕೀಳುವುದು, ಮಿಕ್ಕಿದ್ದನ್ನು ಮೇಯಿಸುವುದು, ಮನೆಯ ಟ್ಯಾಂಕಿಗೂ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಮೇಯುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೆರಿಬಿಯನ್ ಕಡಲೇ ಸಾಕ್ಷಿ. 1983ರ ಜನವರಿಯಲ್ಲಿ ಪನಾಮಾ ಹತ್ತಿರ ಉದ್ದ ಮುಳ್ಳಿನ ಡಯಡೆಮಾ ಅರ್ಚಿನ್‌ಗಳು ಸಾಯತೊಡಗಿದವು, 1984ರ ಹೊತ್ತಿಗೆ ಇಡೀ ಕೆರಿಬಿಯನ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ಸತ್ತವು. ಜಮೈಕಾದಲ್ಲಿ ಪಾಚಿ ತಿನ್ನುವ ಮೀನುಗಳನ್ನು ಜನ ಮೊದಲೇ ಹಿಡಿದು ಮುಗಿಸಿದ್ದರು, 1980ರ ಚಂಡಮಾರುತಕ್ಕೆ ಹವಳ ಮುರಿದಿತ್ತು. ಅರ್ಚಿನ್‌ಗಳೂ ಹೋದ ಮೇಲೆ ಪಾಚಿಗೆ ಎದುರೇ ಇಲ್ಲದಾಯಿತು. 1970ರ ದಶಕದ ಕೊನೆಯಲ್ಲಿ ಶೇ 50ಕ್ಕಿಂತ ಹೆಚ್ಚಿದ್ದ ಹವಳ 1990ರ ದಶಕದ ಆರಂಭಕ್ಕೆ ಶೇ 5ಕ್ಕಿಂತ ಕೆಳಗೆ ಇಳಿಯಿತು. ಪೋಷಕಾಂಶ ಒಂದನ್ನೇ ದೂರುವವರು ಇದನ್ನು ಓದಬೇಕು.

ಟ್ಯಾಂಕಿಗೆ ನನ್ನ ಮೊದಲ ಆಯ್ಕೆ ಟ್ರೋಕಸ್ ಬಸವನಹುಳು. ಮಗುಚಿ ಬಿದ್ದರೆ ತಾನೇ ಎದ್ದುಕೊಳ್ಳುತ್ತದೆ. ಆಸ್ಟ್ರಿಯಾ ಎಂಬ ಇನ್ನೊಂದು ಬಸವನಹುಳು ಚೆನ್ನಾಗಿಯೇ ಮೇಯುತ್ತದೆ, ಆದರೆ ಮರಳಿನ ಮೇಲೆ ಬೆನ್ನಡಿಯಾಗಿ ಬಿದ್ದರೆ ಏಳಲಾರದು, ಯಾರೂ ನೋಡದಿದ್ದರೆ ಅಲ್ಲೇ ಸಾಯುತ್ತದೆ. ಇವೆಲ್ಲ ಎಳೆ ಪಾಚಿಯನ್ನು ಮಾತ್ರ ತಿನ್ನುತ್ತವೆ, ಬೆರಳುದ್ದ ಬೆಳೆದ ಪಾಚಿಯ ಹತ್ತಿರ ಹೋಗುವುದೂ ಇಲ್ಲ, ಅದಕ್ಕೇ ಮೊದಲು ಕೀಳಿ ಅಂದಿದ್ದು. ಪಾಚಿ ಮುಗಿದ ಮೇಲೆ ಅವುಗಳ ಹೊಟ್ಟೆಗೂ ಏನಾದರೂ ಬೇಕು ಎಂಬುದನ್ನು ದಯವಿಟ್ಟು ನೆನಪಿಡಿ. ಸೀ ಹೇರ್ ಎಂಬ ಚಿಪ್ಪಿಲ್ಲದ ದೊಡ್ಡ ಹುಳು ಕೆಲವೇ ದಿನದಲ್ಲಿ ಟ್ಯಾಂಕ್ ಬೋಳಿಸಿ, ಆಮೇಲೆ ಹಸಿವಿನಿಂದ ಸಾಯುತ್ತದೆ. ಹಳದಿ ಟ್ಯಾಂಗ್ ಮೀನನ್ನೂ ಪಾಚಿಗಾಗಿಯೇ ತರುತ್ತಾರೆ. ಅದು ಸುಮಾರು 20 ಸೆಂಟಿಮೀಟರ್ ಬೆಳೆಯುವ, ದಿನವಿಡೀ ಈಜುವ ಮೀನು, ಸಣ್ಣ ಪೆಟ್ಟಿಗೆಯಲ್ಲಿ ಅದಕ್ಕೆ ಹಿಂಸೆ. ದೊಡ್ಡ ಟ್ಯಾಂಕ್ ಇದ್ದು ತರುವುದಾದರೆ ಸಾಕಣೆಯಲ್ಲಿ ಹುಟ್ಟಿದ ಮೀನನ್ನೇ ಕೇಳಿ ತನ್ನಿ, 2015ರಿಂದ ಅದು ಸಾಧ್ಯ ಎಂದು ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ ತೋರಿಸಿಕೊಟ್ಟಿದೆ.

ಪಾಚಿಯಿಂದಲೇ ಪಾಚಿ ತಡೆಯುವ ಉಪಾಯವೂ ಇದೆ. ಪಕ್ಕದ ಸಣ್ಣ ತೊಟ್ಟಿಯಲ್ಲಿ ದೀಪ ಹಾಕಿ ಕೀಟೊಮಾರ್ಫಾ ಎಂಬ ಪಾಚಿಯನ್ನು ಬೆಳೆಸಿ, ಆಗಾಗ ಅರ್ಧ ಕಿತ್ತು ತೆಗೆಯುತ್ತಾರೆ. ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಅವರು ರೂಪಿಸಿದ ಆಲ್ಗಲ್ ಟರ್ಫ್ ಸ್ಕ್ರಬ್ಬರ್ ಕೂಡ ಇದೇ ತತ್ವದ್ದು, ಜಾಲರಿಯ ಮೇಲೆ ನೀರು ಹರಿಸಿ ಅಲ್ಲಿ ಪಾಚಿ ಬೆಳೆಸಿ ಕೆರೆದು ತೆಗೆಯುವುದು. ಪಾಚಿ ಎಲ್ಲಿ ಬೆಳೆಯಬೇಕು ಎಂಬುದನ್ನು ನಾವೇ ನಿರ್ಧರಿಸಿದ ಹಾಗೆ. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ತುಂಬಾ ಬೆಳೆಸಿ ನೀರನ್ನು ಸೊನ್ನೆಗೆ ಇಳಿಸಿಕೊಂಡರೆ ಮತ್ತೆ ಡೈನೋ ಬಾಗಿಲು ತಟ್ಟುತ್ತದೆ.

ನೀರು ಮತ್ತು ಬೆಳಕಿನ ಬಗ್ಗೆ ಲೇಖಕರು ಸರಿಯಾಗಿಯೇ ಬರೆದಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ. ಒಂದೇ ಸೇರಿಸುತ್ತೇನೆ. ಆರ್‌ಒ ಡಿಐ ಫಿಲ್ಟರಿನಲ್ಲಿ (ನಲ್ಲಿ ನೀರನ್ನು ಶುದ್ಧ ಮಾಡುವ ಯಂತ್ರ) ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದರೂ ಸಿಲಿಕಾ ಹಾದು ಬರುತ್ತಿರಬಹುದು, ಅದರೊಳಗಿನ ಡಿಐ ರೆಸಿನ್ ಎಂಬ ಹರಳು ಸುಸ್ತಾದಾಗ ಮೊದಲು ನುಸುಳುವುದು ಅದೇ, ಮೀಟರಿಗೆ ಅದು ಸರಿಯಾಗಿ ಕಾಣಿಸುವುದೂ ಇಲ್ಲ. ಹಳೆಯ ಟ್ಯಾಂಕಿಗೆ ದಿಢೀರನೆ ಡಯಾಟಂ ಬಂದರೆ ರೆಸಿನ್ ಬದಲಾಯಿಸಿ ನೋಡಿ.

ಇನ್ನು ಬಾಟಲಿಗಳು. ತಾಮ್ರ ಇರುವ ಪಾಚಿನಾಶಕ ರೀಫ್ ಟ್ಯಾಂಕಿಗೆ ಹಾಕಲೇಬಾರದು. ಸೀಗಡಿ, ಬಸವನಹುಳು, ಹವಳ ಎಲ್ಲಕ್ಕೂ ಅದು ವಿಷ. ಸಯನೋಗೆ ಎರಿಥ್ರೊಮೈಸಿನ್ ಆಂಟಿಬಯೋಟಿಕ್ ಹಾಕುವವರಿದ್ದಾರೆ, ಪದರ ಒಂದೆರಡು ದಿನದಲ್ಲಿ ಮಾಯ ಆಗುವುದು ನಿಜ. ಆದರೆ ಅಷ್ಟೂ ಒಟ್ಟಿಗೆ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ. ಆ ಮೂಲೆಯಲ್ಲಿ ನೀರು ಓಡಾಡದೆ ಗಲೀಜು ನಿಂತಿದ್ದರೆ ತಿಂಗಳೊಳಗೆ ಮತ್ತೆ ಬರುತ್ತದೆ. ಮನುಷ್ಯರ ಆಂಟಿಬಯೋಟಿಕನ್ನು ಹೀಗೆ ನೀರಿಗೆ ಸುರಿದು ಚರಂಡಿಗೆ ಬಿಡುವುದು ನನಗಂತೂ ಒಪ್ಪಿಗೆಯಿಲ್ಲ. ಗರಿಯ ಆಕಾರದ ಬ್ರಯಾಪ್ಸಿಸ್ ಒಂದಕ್ಕೆ ಮಾತ್ರ ನನ್ನ ಮಾತು ಸ್ವಲ್ಪ ಸಡಿಲ. ಅದನ್ನು ಬಹುತೇಕ ಯಾವ ಪ್ರಾಣಿಯೂ ತಿನ್ನುವುದಿಲ್ಲ, ಕಿತ್ತರೆ ಚೂರಿನಿಂದ ಮತ್ತೆ ಚಿಗುರುತ್ತದೆ. ಫಂಗಸ್‌ಗೆ ಕೊಡುವ ಫ್ಲುಕೊನಝೋಲ್ ಅದನ್ನು ಎರಡು ಮೂರು ವಾರದಲ್ಲಿ ಸೊರಗಿಸುತ್ತದೆ, ಬೇರೆ ದಾರಿ ಮುಚ್ಚಿದಾಗ ಅದನ್ನು ಬಳಸುವವರನ್ನು ನಾನು ತಪ್ಪು ಅನ್ನುವುದಿಲ್ಲ. ವಲೋನಿಯಾ ಎಂಬ ಹೊಳೆಯುವ ಹಸಿರು ಗುಳ್ಳೆ ಪಾಚಿಯ ಒಂದೊಂದು ಗುಳ್ಳೆಯೂ ಒಂದೇ ಜೀವಕೋಶ. ಒಡೆಯದಂತೆ ಬುಡ ಸಮೇತ ಕೆದಕಿ, ಸೈಫನ್ನಿನಿಂದ ಎಳೆದುಬಿಡಿ, ಅದಕ್ಕೆ ಬಾಟಲಿ ಬೇಕೇ ಇಲ್ಲ.

ಕೊನೆಯದಾಗಿ, ಕಿತ್ತ ಪಾಚಿಯನ್ನು ಎಲ್ಲಿ ಹಾಕಬೇಕು ಎಂಬುದು ಲೇಖನದಲ್ಲಿ ಬರಲೇ ಇಲ್ಲ. ಅಕ್ವೇರಿಯಂಗೆಂದು ಬೆಳೆಸಿದ ಕಾಲರ್ಪಾ ಟ್ಯಾಕ್ಸಿಫೋಲಿಯಾ 1984ರಲ್ಲಿ ಮೊನಾಕೊದ ಕಡಲ ಸಂಗ್ರಹಾಲಯದ ಕೆಳಗೆ ಮೆಡಿಟರೇನಿಯನ್‌ನಲ್ಲಿ ಸಿಕ್ಕಿತು, ಆಗ ಇದ್ದದ್ದು ಒಂದು ಚದರ ಮೀಟರಿನಷ್ಟು. ಆಮೇಲೆ ಅದು ಸಾವಿರಾರು ಹೆಕ್ಟೇರಿಗೆ ಹಬ್ಬಿತು. 2000ನೇ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ಅಗುವಾ ಹೆಡಿಯೊಂಡಾ ಹಿನ್ನೀರಿನಲ್ಲಿ ಅದೇ ಪಾಚಿ ಕಂಡಾಗ ಅಲ್ಲಿನವರು ತಡ ಮಾಡಲಿಲ್ಲ. ಟಾರ್ಪಾಲಿನ್ ಹೊದಿಸಿ ಒಳಗೆ ಕ್ಲೋರಿನ್ ಬಿಟ್ಟು, ವರ್ಷಗಟ್ಟಲೆ ಕಾದು, 2006ರಲ್ಲಿ ಪೂರ್ತಿ ಹೋಯಿತು ಎಂದು ಘೋಷಿಸಿದರು. ಖರ್ಚು 70 ಲಕ್ಷ ಡಾಲರಿಗೂ ಮೇಲೆ. ಈ ಪಾಚಿಗೆ ಸಣ್ಣ ಚೂರು ಸಾಕು, ಅದರಿಂದಲೇ ಹೊಸ ಗಿಡ ಬೆಳೆಯುತ್ತದೆ.

ಆದ್ದರಿಂದ ಸಂಪಾದಕರೇ, ಮುಂದಿನ ವಾರದ ಪುರವಣಿಯಲ್ಲಿ ಜಾಗ ಇದ್ದರೆ ಒಂದು ತಿದ್ದುಪಡಿ ಹಾಕಿ. ನೈಟ್ರೇಟ್, ಫಾಸ್ಫೇಟ್ ಸೊನ್ನೆ ಮಾಡಬೇಡಿ ಎಂದು, ತಾಮ್ರದ ಪಾಚಿನಾಶಕ ರೀಫ್ ಟ್ಯಾಂಕಿಗೆ ಬೇಡ ಎಂದು, ಕಲ್ಲು ಕುದಿಸಬೇಡಿ ಎಂದು. ಬಾಟಲಿಯಲ್ಲಿ ಕುಲುಕಿ ಸೋಸಿ ನೋಡುವ ಆ ಪರೀಕ್ಷೆಯನ್ನೂ ನಾಲ್ಕು ಸಾಲಿನಲ್ಲಿ ಹಾಕಿದರೆ ತುಂಬಾ ಜನಕ್ಕೆ ಉಪಕಾರ. ಹಾಗೆಯೇ, ಕಿತ್ತ ಪಾಚಿಯನ್ನು ಕೆರೆ, ಹೊಳೆ, ಕಡಲು, ಮಳೆನೀರಿನ ಚರಂಡಿಗೆ ಬಿಡದೆ, ಚೀಲದಲ್ಲಿ ಕಟ್ಟಿ ಒಂದು ದಿನ ಫ್ರೀಜರಿನಲ್ಲಿಟ್ಟು ಕಸಕ್ಕೆ ಹಾಕಿ ಎಂದೂ ಸೇರಿಸಿ.

ಇಂತಿ ನಿಮ್ಮ,
ಹವಳ ಸಾಕುವ ಒಬ್ಬ ಓದುಗ